ಭಾಷೆಗೊಂದು ರಾಜ್ಯ ಕೊಟ್ಟರೂ ದೇಶ ಒಡೆಯಲಿಲ್ಲ, ಸರಿ. ರಾಜ್ಯದ ಒಳಗಿನ ಸಣ್ಣ ಭಾಷೆಗಳ ಗತಿ ಏನು? (ಹಲವರು ಸೇರಿ ಮಾಡಿದ ಚರ್ಚೆ ಇದು. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಶರಾವತಿ ಹಿನ್ನೀರು

"ಭಾಷೆ ಭಾಷೆ ಎಂದು ಕೂತರೆ ದೇಶ ಉಳಿಯುವುದಿಲ್ಲ" ಎನ್ನುವ ಮಾತನ್ನು ಪ್ರತಿ ನವೆಂಬರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಸಲ ನಮ್ಮೂರಿನ ರಾಜ್ಯೋತ್ಸವದ ವೇದಿಕೆ ಮೇಲೆಯೇ ಒಬ್ಬರು ಹೇಳಿದರು. ಪಕ್ಕದಲ್ಲಿ ಭುವನೇಶ್ವರಿ ಫೋಟೋ ಇಟ್ಟುಕೊಂಡು!

ಇದು ಹಳೇ ಭಯ. ಭಾಷೆ ನೋಡಿ ಪ್ರಾಂತ ಮಾಡಬೇಕಾ ಎಂದು ಪರಿಶೀಲಿಸಲು ನೇಮಿಸಿದ್ದ ಧರ್ ಆಯೋಗ 1948ರಲ್ಲಿ ಇದನ್ನೇ ಹೇಳಿತ್ತು. ಮರುವರ್ಷ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರೂ ಕೂತು ಭಾಷಾವಾರು ಪ್ರಾಂತ ಸದ್ಯಕ್ಕೆ ಬೇಡ ಎಂದರು. ಅವರನ್ನು ಸುಮ್ನೆ ಬೈಯುವ ಹಾಗಿಲ್ಲ. ದೇಶ ಧರ್ಮದ ಹೆಸರಲ್ಲಿ ಹೋಳಾಗಿ ಆಗ ಎರಡು ವರ್ಷ ಕೂಡ ಆಗಿರಲಿಲ್ಲ. ಆದರೆ ಇದೇ ಕಾಂಗ್ರೆಸ್ 1920ರ ನಾಗಪುರ ಅಧಿವೇಶನದಲ್ಲಿ ತನ್ನ ಪ್ರಾಂತ ಸಮಿತಿಗಳನ್ನು ಭಾಷೆ ನೋಡಿಯೇ ಮಾಡಿಕೊಂಡಿತ್ತು. ಬ್ರಿಟಿಷರ ವಿರುದ್ಧ ಜನ ಸೇರಿಸುವಾಗ ಭಾಷೆ ಬೇಕಾಯಿತು, ಕುರ್ಚಿಗೆ ಬಂದ ಮೇಲೆ ಅದನ್ನು ಕಂಡರೆ ಭಯವಾಯಿತು.

ಆಮೇಲಿನದು ಎಲ್ಲರಿಗೂ ಗೊತ್ತು. ತೆಲುಗರಿಗೆ ಬೇರೆ ರಾಜ್ಯ ಬೇಕು ಎಂದು ಪೊಟ್ಟಿ ಶ್ರೀರಾಮುಲು ಮದರಾಸಿನಲ್ಲಿ ಎರಡು ತಿಂಗಳ ಹತ್ತಿರ ಉಪವಾಸ ಕೂತು 1952ರ ಡಿಸೆಂಬರ್ 15ಕ್ಕೆ ತೀರಿಕೊಂಡರು. ನಾಲ್ಕೇ ದಿನಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ರಾಜ್ಯಗಳ ಪುನರ್ವಿಂಗಡಣೆಗೆ ಫಜಲ್ ಅಲಿ ಆಯೋಗ ಬಂತು. 1956ರ ನವೆಂಬರ್ 1ಕ್ಕೆ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ ಆದವು. ಬೊಂಬಾಯಿಯನ್ನು ಮಾತ್ರ ದ್ವಿಭಾಷಾ ರಾಜ್ಯವಾಗಿ ಉಳಿಸಿದರು. ಮರಾಠಿ ರಾಜ್ಯ ಬೇಕೆಂಬ ಚಳವಳಿಯಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ಕೊನೆಗೆ 1960ರಲ್ಲಿ ಅದನ್ನೂ ಮಹಾರಾಷ್ಟ್ರ, ಗುಜರಾತ್ ಎಂದು ಎರಡು ಮಾಡಿದರು.

ಒಡೆಯುತ್ತದೆ ಎಂದವರ ಲೆಕ್ಕ ತಪ್ಪಾಯಿತು. ಯಾಕೆ ತಪ್ಪಾಯಿತು ಅನ್ನುವುದು ನನ್ನ ಮೊದಲ ಪ್ರಶ್ನೆ. ಎರಡನೆಯದು ಸ್ವಲ್ಪ ಖಾರ: ಅಂದು ದೆಹಲಿಗೆ ಹೇಳಿದ ನ್ಯಾಯವನ್ನು ಇಂದು ಬೆಂಗಳೂರಿಗೂ ಹೇಳಬಹುದಾ?

ಕಲಬುರಗಿ ತೊಗರಿ

ಮೊದಲ ಪ್ರಶ್ನೆಗೆ ನಮ್ಮ ಮನೆಯ ಟ್ರಂಕಿನಲ್ಲೇ ಉತ್ತರ ಇದೆ ನೋಡ್ರಿ. ಅಜ್ಜನ ಕಾಲದ ಒಂದು ಖರೀದಿ ಪತ್ರ. ನಿಜಾಮರ ಸರ್ಕಾರದ ಸ್ಟಾಂಪ್ ಕಾಗದ, ಅಂಚೆಲ್ಲ ಪುಡಿಪುಡಿ. ಮೇಲಿಂದ ಕೆಳಗಿನವರೆಗೆ ಉರ್ದು. ಕೊನೆಗೆ ಅಜ್ಜನ ಎಡಗೈ ಹೆಬ್ಬೆಟ್ಟು.

ಅಜ್ಜನಿಗೆ ಓದು ಬರಹ ಬರುತ್ತಿತ್ತು. ಸಂಜೆ ಹೊತ್ತು ಕಟ್ಟೆ ಮೇಲೆ ಕೂತು ನಾಲ್ಕು ಮಂದಿಗೆ ವಚನ ಓದಿ ಹೇಳುತ್ತಿದ್ದ. ಆದರೆ ಆ ಕಚೇರಿ ಮೆಟ್ಟಿಲು ಹತ್ತಿದ ಕೂಡಲೇ ಅವನು ಹೆಬ್ಬೆಟ್ಟಿನವ. ತಾನು ಕೊಂಡ ಹೊಲದ ಚಕ್ಕುಬಂದಿ ಏನು ಬರೆದಿದ್ದಾರೆ ಅಂತ ಬೇರೆಯವರು ಓದಿ ಹೇಳಬೇಕು. ಮುಂದೆ ದಾಯಾದಿಗಳ ನಡುವೆ ಬದುವಿನ ಜಗಳ ಬಂದಾಗ ನಮ್ಮಪ್ಪ ಆ ಕಾಗದ ಹಿಡಿದು ಉರ್ದು ಓದುವ ಮುಪ್ಪಿನ ಮುನ್ಷಿಯನ್ನು ಹುಡುಕಿಕೊಂಡು ಹೋದ.

ಉರ್ದು ಮೇಲೆ ಸಿಟ್ಟಿಲ್ಲ ನನಗೆ. ನಮ್ಮ ಊರ ತುಂಬ ಅದೇ ಮಾತು, ದಖನಿಯಲ್ಲಿ ಬೈದಷ್ಟು ಚೆಂದ ನಾನು ಕನ್ನಡದಲ್ಲಿ ಬೈಯಲಾರೆ. ಪ್ರಶ್ನೆ ಕಚೇರಿಯದು. ಸರ್ಕಾರಿ ಕಾಗದ ತನಗೇ ಓದಲು ಬರುವ ಹಾಗೆ ಆಯಿತು ಅಂದರೆ ಆ ಸರ್ಕಾರ ನಂದು ಅನ್ನಿಸುತ್ತದೆ. ಅಷ್ಟಾದ ಮೇಲೆ ದೇಶ ಬಿಟ್ಟು ಎಲ್ಲಿಗೆ ಹೋಗಬೇಕು ನಾವು?

ಮಂಡ್ಯದ ಆಲೆಮನೆ

ಕಲಬುರಗಿ ಅಣ್ಣ ಬರೆದದ್ದು ಚೆನ್ನಾಗಿದೆ. ಆದರೆ ಇನ್ನೊಂದು ವಿಷಯ ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ. ಏಕೀಕರಣ ಬೇಡ ಎಂದವರಲ್ಲಿ ನಮ್ಮ ಹಳೇ ಮೈಸೂರಿನವರೇ ಮುಂದಿದ್ದರು.

ನಮಗೆ ಕನ್ನಂಬಾಡಿ ಇತ್ತು, ಜೋಗದ ಕರೆಂಟ್ ಇತ್ತು, ವಿಶ್ವವಿದ್ಯಾಲಯ ಇತ್ತು. ಬಡ ಜಿಲ್ಲೆಗಳನ್ನು ಕಟ್ಟಿಕೊಂಡು ನಾವ್ಯಾಕೆ ಒದ್ದಾಡಬೇಕು ಎಂದು ಬಾಯಿಬಿಟ್ಟೇ ಕೇಳಿದರು. ಬಾಯಿಬಿಟ್ಟು ಕೇಳದೇ ಇದ್ದದ್ದು ಜಾತಿ ಲೆಕ್ಕ. ಎಲ್ಲ ಒಂದಾದರೆ ಒಕ್ಕಲಿಗರ ಬಲ ಕಮ್ಮಿ, ಲಿಂಗಾಯತರದು ಜಾಸ್ತಿ ಆಗುತ್ತದೆ ಎಂಬ ಭಯ. ಕೆಂಗಲ್ ಹನುಮಂತಯ್ಯ ತಮ್ಮ ಕಡೆಯವರ ಸಿಟ್ಟು ಕಟ್ಟಿಕೊಂಡೇ ಏಕೀಕರಣದ ಪರ ನಿಂತರು. ವಿಧಾನಸೌಧ ಕಟ್ಟಿಸಿದ್ದಕ್ಕಿಂತ ಇದೇ ಅವರ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ.

ಅಂಬೇಡ್ಕರ್ 1955ರಲ್ಲಿ ಇದನ್ನೇ ಎಚ್ಚರಿಸಿದ್ದರು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ, ಆದರೆ ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿ ಇರಬೇಕಾಗಿಲ್ಲ ಎನ್ನುವುದು ಅವರ ವಾದ. ಭಾಷಾವಾರು ರಾಜ್ಯದಲ್ಲಿ ದೊಡ್ಡ ಜಾತಿಯೊಂದು ಕೂತುಬಿಡುತ್ತದೆ, ಸಣ್ಣವರು ಅದರ ಕೈಕೆಳಗೆ ಸಿಕ್ಕಿಬೀಳುತ್ತಾರೆ ಎಂದರು. ತಳ್ಳಿಹಾಕಲು ಆಗುತ್ತಾ ಹೇಳಿ?

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಆ ಕಡೆ ಕೂರುತ್ತೇನೆ. ದೇಶ ಒಡೆಯಲಿಲ್ಲ, ನಿಜ. ಗೋಡೆ ಎದ್ದಿದ್ದು ಸುಳ್ಳಾ? 1991ರ ಕಾವೇರಿ ಗಲಾಟೆಯಲ್ಲಿ ಇದೇ ಬೆಂಗಳೂರಿನ ತಮಿಳರ ಮನೆಗಳಿಗೆ ಏನಾಯಿತು? ಬೆಳಗಾವಿ ಗಡಿಯಲ್ಲಿ ಜಗಳ ಎದ್ದಾಗಲೆಲ್ಲ ಮೊದಲು ಮಸಿ ಬಳಿಸಿಕೊಳ್ಳುವುದು ಬಸ್ಸು.

ಪಂಜಾಬನ್ನೂ ನೋಡಿ. 1966ರಲ್ಲಿ ಪಂಜಾಬಿ ರಾಜ್ಯ ಕೊಟ್ಟಾಯಿತು. 80ರ ದಶಕದಲ್ಲಿ ಹೊತ್ತಿ ಉರಿಯಿತಲ್ವಾ? ಕೊಟ್ಟರೆ ಶಾಂತಿ ಅನ್ನುವ ನಿಮ್ಮ ಸೂತ್ರ ಅಲ್ಲಿ ಯಾಕೆ ನಡೆಯಲಿಲ್ಲ?

ಶರಾವತಿ ಹಿನ್ನೀರು

ಒಳ್ಳೇ ಪ್ರಶ್ನೆ. ಪಂಜಾಬಿನಲ್ಲಿ ಚಂಡೀಗಢ, ನದಿ ನೀರು ಎರಡನ್ನೂ ಇತ್ಯರ್ಥ ಮಾಡದೆ ಬಿಟ್ಟರು. ಅದರ ಮೇಲೆ ಧರ್ಮದ ರಾಜಕೀಯ, ದೆಹಲಿಯ ಆಟ. ಭಾಷೆ ಕೊಟ್ಟರೆ ಎಲ್ಲ ರೋಗ ವಾಸಿ ಎಂದು ನಾನು ಹೇಳುತ್ತಿಲ್ಲ. ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನೆರೆಯಲ್ಲೇ ಎರಡು ದೇಶ ಇವೆ.

ನಮ್ಮಲ್ಲಿ ರಾಜ್ಯ ಪುನರ್ವಿಂಗಡಣೆ ಆದ 1956ರಲ್ಲೇ ಸಿಲೋನಿನಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಎಂದು ಕಾನೂನು ಮಾಡಿದರು. ಸರ್ಕಾರಿ ಕೆಲಸದಲ್ಲಿದ್ದ ತಮಿಳರು ಸಿಂಹಳ ಕಲಿಯಬೇಕು, ಇಲ್ಲ ಕೆಲಸದಲ್ಲಿ ಮುಂದೆ ಬರುವ ಆಸೆ ಬಿಡಬೇಕು. ಅಲ್ಲಿಂದ ಶುರುವಾದ ಅಸಮಾಧಾನ 1983ರ ಹೊತ್ತಿಗೆ ಯುದ್ಧವಾಯಿತು, ಮುಗಿದದ್ದು 2009ಕ್ಕೆ. ಅದಕ್ಕೂ ಮೊದಲು 1948ರಲ್ಲಿ ಜಿನ್ನಾ ಢಾಕಾಕ್ಕೆ ಹೋಗಿ ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಎಂದರು. 1952ರ ಫೆಬ್ರವರಿ 21ಕ್ಕೆ ಅಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಒಂದೇ ಭಾಷೆಯಿಂದ ದೇಶ ಗಟ್ಟಿಯಾಗುತ್ತದೆ ಎಂದವರ ದೇಶವೇ ಎರಡಾಯಿತು.

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಅರ್ಧ ಕಥೆ ಹೇಳಿದಿರಿ. 1956ರ ಸಂವಿಧಾನದಲ್ಲಿ ಪಾಕಿಸ್ತಾನ ಬಂಗಾಳಿಗೂ ಮಾನ್ಯತೆ ಕೊಟ್ಟಿತ್ತು. ಆದರೂ 1971ರಲ್ಲಿ ಬಾಂಗ್ಲಾದೇಶ ಬೇರೆಯಾಯಿತು.

ಕಲಬುರಗಿ ತೊಗರಿ

ಹೆಸರು ಕೊಟ್ಟರು, ಕುರ್ಚಿ ಕೊಡಲಿಲ್ಲ. 1970ರ ಚುನಾವಣೆಯಲ್ಲಿ ಮುಜಿಬುರ್ ರೆಹಮಾನ್ ಪಕ್ಷಕ್ಕೆ ಬಹುಮತ ಬಂತು, ಅಧಿಕಾರ ಬಿಟ್ಟುಕೊಡಲು ಪಶ್ಚಿಮದವರಿಗೆ ಮನಸ್ಸಾಗಲಿಲ್ಲ. ನಮ್ಮ ಕಡೆಯೂ ಅಷ್ಟೇ ರೀ. 56ರಲ್ಲಿ ಭಾಷೆ ಬಂತು. ನಮ್ಮ ಕಡೆಯವರಿಗೆ ನೌಕರಿ, ಸೀಟಿನಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿ ಬರಲಿಕ್ಕೆ 2012ರ ತನಕ ಕಾಯಬೇಕಾಯಿತು. ನೌಕರಿ, ಕಾಲೇಜು ಸೀಟು ಸಿಗದೆ ಬರೀ ಭಾಷೆ ಹೊಟ್ಟೆ ತುಂಬಿಸುವುದಿಲ್ಲ. ತೆಲಂಗಾಣದವರು 2014ರಲ್ಲಿ ಅದೇ ತೆಲುಗಿನವರಿಂದ ಬೇರೆಯಾದದ್ದು ಮತ್ತೇಕೆ?

ನೇತ್ರಾವತಿ ದಡ

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ನಾನೇ ಹಾಕುತ್ತೇನೆ ಮಾರಾಯ್ರೆ.

2011ರ ಗಣತಿಯಲ್ಲಿ ತುಳು ಮಾತೃಭಾಷೆ ಎಂದವರು 18.46 ಲಕ್ಷ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ, ಅಂದರೆ ಮಾನ್ಯತೆ ಸಿಕ್ಕ ಭಾಷೆಗಳ ಪಟ್ಟಿಯಲ್ಲಿ ಇರುವ ಮಣಿಪುರಿಯವರು 17.6 ಲಕ್ಷ, ಬೋಡೊದವರು 14.8 ಲಕ್ಷ. ಸಂಸ್ಕೃತ 25 ಸಾವಿರಕ್ಕೂ ಕಮ್ಮಿ. ಆ ಭಾಷೆಗಳಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಪಟ್ಟಿ 14 ಭಾಷೆಯಿಂದ 22ಕ್ಕೆ ಬೆಳೆದಿದೆ, ನಮ್ಮ ಸರದಿ ಯಾವಾಗ ಎಂದು ಕೇಳುವುದು ತಪ್ಪಲ್ಲ ಅಲ್ವಾ?

ದೆಹಲಿಯ ಮಾತು ಇರಲಿ. ಬೆಂಗಳೂರಿನದು ನೋಡುವ. ತುಳು ಅಕಾಡೆಮಿ ಇದೆ, ಶಾಲೆಯಲ್ಲಿ ಮೂರನೇ ಭಾಷೆಯಾಗಿ ಆಯ್ದುಕೊಳ್ಳಬಹುದು. ಒಳ್ಳೆಯದೇ. ಆದರೆ ರಾಜ್ಯದ ಎರಡನೇ ಆಡಳಿತ ಭಾಷೆ ಮಾಡಿ ಎಂದು ಕೇಳಿದಾಗಲೆಲ್ಲ "ನೋಡೋಣ" ಎನ್ನುತ್ತಾರೆ. ಪಶ್ಚಿಮ ಬಂಗಾಳದಲ್ಲಿ ನೇಪಾಳಿ, ಉರ್ದು, ಸಂತಾಲಿ, ಕುಡುಖ್ ಎಲ್ಲಕ್ಕೂ ಜಾಗ ಕೊಟ್ಟಿದ್ದಾರೆ. ಬಂಗಾಳಿ ಮುಳುಗಿತಾ?

ನಾನು ಅಂಗನವಾಡಿ ಪಕ್ಕದ ಸರ್ಕಾರಿ ಶಾಲೆಯಲ್ಲಿ ಟೀಚರ್. ಒಂದನೇ ಕ್ಲಾಸಿಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ತುಳು ಬಿಟ್ಟರೆ ಬೇರೆ ಗೊತ್ತಿಲ್ಲ, ಉಳಿದವರಲ್ಲಿ ಬ್ಯಾರಿ, ಕೊಂಕಣಿ ಮಾತಾಡುವವರು. ನಮ್ಮ ಜೊತೆ ಬಾಗಲಕೋಟೆ ಕಡೆಯ ಮೇಷ್ಟ್ರು ಒಬ್ಬರಿದ್ದಾರೆ. ಬಂದ ಹೊಸದರಲ್ಲಿ ಮಗು ಹೊಟ್ಟೆನೋವು ಎಂದು ಅಳುತ್ತಾ ಹೇಳಿದರೆ ಅವರಿಗೆ ತಿಳಿಯಲಿಲ್ಲ. ಪಕ್ಕದ ಬೆಂಚಿನ ಹುಡುಗಿಯೇ ದುಭಾಷಿ. ಈಗ ಮೇಷ್ಟ್ರು ಮಕ್ಕಳಿಂದಲೇ ತುಳು ಕಲಿತು ಮಧ್ಯಾಹ್ನ ಊಟ ಬಡಿಸುವಾಗ ತುಳುವಿನಲ್ಲೇ ಗದರುತ್ತಾರೆ. ಮಕ್ಕಳಿಗೆ ಕನ್ನಡವೂ ಬೇಗ ಬರುತ್ತಿದೆ. ಇದು ಆ ಮೇಷ್ಟ್ರ ಒಳ್ಳೆಯತನ. ಇಲಾಖೆಯ ಏರ್ಪಾಡಲ್ಲ.

ಮಂಡ್ಯದ ಆಲೆಮನೆ

ಅಕ್ಕ, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಆಡಳಿತ ಭಾಷೆ ಅಂತೀರಿ, ನಾಳೆ ತುಳುನಾಡು ರಾಜ್ಯ ಬೇಕು ಅಂದರೆ? ಕನ್ನಡವೇ ಬೆಂಗಳೂರಿನಲ್ಲಿ ಉಸಿರಾಡಲು ಒದ್ದಾಡುತ್ತಿರುವಾಗ ಒಳಗಿನವರೇ ಬೇರೆ ಬೇರೆ ಎಂದರೆ ನಮ್ಮ ಬಲ ಕುಗ್ಗುವುದಿಲ್ಲವಾ?

ನೇತ್ರಾವತಿ ದಡ

ಬೇಜಾರಿಲ್ಲ ಅಣ್ಣ. ನೀವೀಗ ಬರೆದದ್ದನ್ನು ಇನ್ನೊಮ್ಮೆ ಓದಿ, "ಕನ್ನಡ" ಇರುವ ಕಡೆ "ದೇಶ" ಎಂದು ಹಾಕಿ, "ಬೆಂಗಳೂರು" ತೆಗೆದುಬಿಡಿ. 1948ರ ಧರ್ ಆಯೋಗದ ಭಯ ಅದೇ ಅಲ್ವಾ? ದೇಶ ಈಗಷ್ಟೇ ಎದ್ದು ನಿಂತಿದೆ, ಈಗ ಭಾಷೆ ಎತ್ತಿದರೆ ಬಲ ಕುಗ್ಗುತ್ತದೆ ಎಂದಿದ್ದರು. ಆಗ ಕನ್ನಡದವರು ಅದನ್ನು ಒಪ್ಪಲಿಲ್ಲ. ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕೂತರು. ಈಗ ಅದೇ ವಾದ ನಿಮ್ಮ ಬಾಯಲ್ಲಿ.

ಕನ್ನಡ ನನ್ನದೂ ಹೌದು. ನಾನು ಪಾಠ ಮಾಡುವುದು, ಬರೆಯುವುದು, ಇಲ್ಲಿ ನಿಮ್ಮ ಜೊತೆ ಜಗಳವಾಡುವುದು ಎಲ್ಲ ಕನ್ನಡದಲ್ಲೇ. ಕನ್ನಡ ಬೇಡ ಎಂದು ಯಾರು ಹೇಳಿದರು?

ಕೊಡಗಿನ ಕಿತ್ತಳೆ

ನಮ್ಮದು 1956ರ ತನಕ ಪ್ರತ್ಯೇಕ ರಾಜ್ಯವೇ ಆಗಿತ್ತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ರಾಜ್ಯೋತ್ಸವದ ಭಾಷಣದಲ್ಲಿ ಕೊಡಗು "ಸೇರಿತು" ಎಂದು ಅರ್ಧ ಸಾಲಲ್ಲಿ ಮುಗಿಸುತ್ತಾರೆ. ಕೊಡವ ಮಾತೃಭಾಷೆಯವರು 2011ರಲ್ಲಿ 1.13 ಲಕ್ಷ. ನಮ್ಮ ಮನೆ ಮಕ್ಕಳು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ, ಹಾಗಾಗಿ ಮುಂದಿನ ಅಂಕಿ ನೋಡಲು ಧೈರ್ಯ ಸಾಲದು.

ಒಂದು ಮಾತು ನಮ್ಮವರಿಗೂ ಹೇಳಬೇಕು. ಕೊಡಗಿನಲ್ಲಿ ಅರೆಭಾಷೆಯವರಿದ್ದಾರೆ, ಎರವರು, ಜೇನು ಕುರುಬರಿದ್ದಾರೆ. ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿ ಎರವರ ಮಾತು ದಿನಾ ಕೇಳುತ್ತೇವೆ. ಅದರಲ್ಲಿ ನಾಲ್ಕು ಮಾತಾಡಲು ಬರುವ ಯಜಮಾನರು ಎಷ್ಟು ಜನ?

ತಾಂಡಾ ಹುಡುಗ

ನೀವೆಲ್ಲ ಕಡೇಪಕ್ಷ ಲೆಕ್ಕಕ್ಕಾದರೂ ಸಿಗುತ್ತೀರಿ. ನಾನು ಲಂಬಾಣಿ, ವಿಜಯಪುರ ಜಿಲ್ಲೆ. ಗಣತಿಯಲ್ಲಿ ನಮ್ಮ ಮಾತನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಲಂಬಾಣಿ ಎಂದು ಬರೆಸಿದವರೇ ದೇಶದಲ್ಲಿ 30 ಲಕ್ಷಕ್ಕೂ ಜಾಸ್ತಿ. ಅವರೆಲ್ಲ ಕೊನೆಯ ಕೋಷ್ಟಕದಲ್ಲಿ ಹಿಂದಿಯವರು! ನಮ್ಮಜ್ಜಿಗೆ ಹಿಂದಿಯಲ್ಲಿ ಒಂದು ಲೋಟ ನೀರು ಕೇಳಲು ಬರುವುದಿಲ್ಲ. ಕರ್ನಾಟಕದಲ್ಲಿ ಹಿಂದಿಯವರು ಇಷ್ಟು ಪರ್ಸೆಂಟ್ ಇದ್ದಾರೆ ಎಂದು ಯಾರಾದರೂ ಬರೆದರೆ, ಅದರಲ್ಲಿ ನಮ್ಮಜ್ಜಿಯೂ ಇದ್ದಾಳೆ ಎಂದು ನೆನಪಿಟ್ಟುಕೊಳ್ಳಿ.

ಹಿಂದಿಯನ್ನು ಬೈದು ಸುಮ್ಮನಾಗಬೇಡಿ ಮತ್ತೆ. ಅದೇ ಕೋಷ್ಟಕದಲ್ಲಿ ನೀಲಗಿರಿಯ ಬಡಗ ಕನ್ನಡದ ಕೆಳಗಿದೆ. ಬಡಗರಲ್ಲಿ ತಮ್ಮದು ಬೇರೆಯೇ ಭಾಷೆ ಎನ್ನುವವರು ಇದ್ದಾರೆ. ಕನ್ನಡದ ಸಂಖ್ಯೆ ಹೇಳುವಾಗ ಅವರನ್ನೂ ಸೇರಿಸಿಯೇ ಹೇಳುತ್ತೇವೆ, ಕೇಳಿದ್ದೇವಾ?

ಚಂದ್ರಗಿರಿ ತೀರ

ಕಾಸರಗೋಡಿನಿಂದ. ನಮ್ಮ ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದದ್ದು ನೀವು ಹಬ್ಬ ಮಾಡುವ ಆ ದಿನವೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ (ಈಗಿನ ಕರ್ನಾಟಕಕ್ಕೆ) ಸೇರಲಿ ಎಂದು ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಗಲಿಲ್ಲ. ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಅದನ್ನೇ ಹೇಳುತ್ತಾ ಹೋದರು.

ಇಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಈಗಲೂ ಇವೆ. ಆದರೆ ಕನ್ನಡ ಗೊತ್ತಿಲ್ಲದ ಮಾಷ್ಟ್ರು ಕನ್ನಡ ಮಾಧ್ಯಮಕ್ಕೆ ಬಂದರೆ ಪುನಃ ಮುಷ್ಕರ, ಅರ್ಜಿ, ಕೋರ್ಟು. 2017ರಲ್ಲಿ ಕೇರಳ ಎಲ್ಲ ಶಾಲೆಗಳಿಗೂ ಮಲಯಾಳ ಕಡ್ಡಾಯ ಎಂದಾಗ ನಾವು ಬೀದಿಗೆ ಬಂದೆವು. ಆ ಹೊತ್ತಿಗೆ ಬೆಳಗಾವಿಯ ಒಬ್ಬ ಮರಾಠಿ ಗೆಳೆಯ ಫೋನ್ ಮಾಡಿದ. "ನಿಮ್ಮ ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಕಾನೂನು ಮಾಡಿದೆ, ಆಗ ನೀನು ಚಪ್ಪಾಳೆ ಹೊಡೆದೆಯಲ್ಲ" ಎಂದ. ಅವನಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ರಾಜ್ಯದ ಭಾಷೆ ಎಲ್ಲರೂ ಕಲಿಯಬೇಕು ಎನ್ನುವುದು ನ್ಯಾಯವೇ. ನಮ್ಮ ಮಕ್ಕಳೂ ಮಲಯಾಳ ಕಲಿಯುತ್ತಾರೆ, ಕಲಿಯದೆ ಬದುಕಿಲ್ಲ. ಮೊದಲ ಅಕ್ಷರ ಯಾವುದು, ಎರಡನೆಯದು ಯಾವುದು ಎನ್ನುವುದಷ್ಟೇ ಜಗಳ.

ಸೊಲ್ಲಾಪುರ ಚಾದರ

ಚಂದ್ರಗಿರಿಯವರೇ, ಮಹಾರಾಷ್ಟ್ರದ ಅಕ್ಕಲಕೋಟೆಯಿಂದ ನಿಮಗೊಂದು ನಮಸ್ಕಾರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ತಹಶೀಲ್ದಾರ್ ಕಚೇರಿಯಲ್ಲಿ ಮರಾಠಿ. ಕರ್ನಾಟಕದ ನಾಯಕರಿಗೆ ನಮ್ಮ ನೆನಪಾಗುವುದು ಬೆಳಗಾವಿ ವಿಷಯ ಬಂದಾಗ ಮಾತ್ರ. "ನೀವು ಬೆಳಗಾವಿ ಕೇಳಿದರೆ ನಾವು ಸೊಲ್ಲಾಪುರ ಕೇಳುತ್ತೇವೆ" ಎಂದು ಎದುರುತ್ತರ ಕೊಡಲಿಕ್ಕೆ. ನಮಗೆ ಬೇಕಾಗಿರುವುದು ಕನ್ನಡ ಶಾಲೆಗೆ ಹೊತ್ತಿಗೆ ಸರಿಯಾಗಿ ಪುಸ್ತಕ.

ಶರಾವತಿ ಹಿನ್ನೀರು

ಗಡಿಯ ಇಬ್ಬರೂ ಬರೆದ ಮೇಲೆ ಒಂದು ವಿಷಯ ಸೇರಿಸಲೇಬೇಕು. 1956ರ ಪುನರ್ವಿಂಗಡಣೆ ಎಂದರೆ ಬರೀ ಗಡಿ ಎಂದುಕೊಂಡಿದ್ದೇವೆ. ಅದೇ ವರ್ಷ ಏಳನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ, 350ಬಿ ಸೇರಿಸಿದರು. ಒಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು. ಎರಡು, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ.

ಗೆರೆ ಎಲ್ಲಿ ಎಳೆದರೂ ಆಚೆ ಈಚೆ ಒಂದಷ್ಟು ಜನ ಉಳಿದೇ ಉಳಿಯುತ್ತಾರೆ ಎಂದು ಆಗಿನವರಿಗೆ ಗೊತ್ತಿತ್ತು. ಅಣ್ಣತಮ್ಮಂದಿರಿಗೆ ಪಾಲು ಕೊಟ್ಟು, ಮನೆಯಲ್ಲಿ ಉಳಿದ ಅತ್ತೆಗೂ ಒಂದು ಕೋಣೆ ಬರೆದಿಟ್ಟ ಹಾಗೆ. ನಾವು ಪಾಲುಪತ್ರದ ಮೊದಲ ಪುಟ ಮಾತ್ರ ಓದಿದೆವು. ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಮೂರರಲ್ಲಿ ಎರಡು ಪಾಲು, ಉಳಿದ ಒಂದು ಪಾಲು ಬೇರೆಯವರು. ಅಷ್ಟು ಜನರನ್ನು ಅತಿಥಿಗಳು ಎಂದು ನೋಡಿದರೆ ಆಗುವುದಿಲ್ಲ.

ಮಂಡ್ಯದ ಆಲೆಮನೆ

ನನ್ನ ಅನುಮಾನ ಪೂರ್ತಿ ಹೋಗಿಲ್ಲ. ತುಳು ಪಟ್ಟಿಗೆ ಸೇರಲಿ, ಶಾಲೆಯಲ್ಲಿ ಇರಲಿ, ನನ್ನ ಓಟೂ ಅದಕ್ಕೇ. ಆಡಳಿತ ಭಾಷೆ ಎಂದರೆ ಎಲ್ಲ ಕಡತ ಎರಡೆರಡು ಭಾಷೆಯಲ್ಲಾ? ಲಿಪಿ ಯಾವುದು? ಅದನ್ನು ಮೊದಲು ಹೇಳಿ.

ನೇತ್ರಾವತಿ ದಡ

ಎರಡು ಜಿಲ್ಲೆಯ ಕಚೇರಿ ಅರ್ಜಿ, ಆಸ್ಪತ್ರೆ ಬೋರ್ಡು, ಒಂದನೇ ಕ್ಲಾಸು. ಅಷ್ಟರಿಂದ ಶುರು ಮಾಡುವ ಅಣ್ಣ, ಮಂಡ್ಯದ ಕಡತಕ್ಕೆ ನಾವು ಬರುವುದಿಲ್ಲ. ಲಿಪಿಯ ಜಗಳ ನಮ್ಮೊಳಗೇ ಬೇಕಾದಷ್ಟಿದೆ. ಸದ್ಯಕ್ಕೆ ಕನ್ನಡ ಲಿಪಿಯಲ್ಲೇ ನಡೆಯುತ್ತಿದೆ, ಅದಕ್ಕೇನು ತೊಂದರೆ ಇಲ್ಲ.

ಗಣತಿ ಮೇಷ್ಟ್ರು

ತಾಂಡಾ ಹುಡುಗನ ಮಾತಿಗೆ ಒಂದು ಉಪಯೋಗದ ಸೇರ್ಪಡೆ. 2011ರಲ್ಲಿ ನಾನು ಮನೆ ಮನೆ ಸುತ್ತಿ ಗಣತಿ ಮಾಡಿದ್ದೇನೆ. ಮಾತೃಭಾಷೆ ಯಾವುದು ಎಂದು ಕೇಳಿದರೆ ಎಷ್ಟೋ ಮನೆಯಲ್ಲಿ ಗಂಡಸರು "ಕನ್ನಡ ಅಂತ ಹಾಕಿ ಸಾರ್" ಎಂದು ಅವಸರದಲ್ಲಿ ಹೇಳಿಬಿಡುತ್ತಿದ್ದರು. ಒಳಗಡೆ ಹೆಂಗಸರು ಬೇರೆಯೇ ಮಾತಾಡುತ್ತಿರುತ್ತಿದ್ದರು. ಬೇರೆ ಬರೆಸಿದರೆ ರೇಷನ್ ಕಾರ್ಡಿಗೆ ತೊಂದರೆ ಆಗುತ್ತಾ ಎಂದು ಕೇಳಿದವರೂ ಇದ್ದಾರೆ. ಏನೂ ಆಗುವುದಿಲ್ಲ. ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು ಎನ್ನುವುದು ನಮಗಿದ್ದ ಸೂಚನೆ. ಯಾವುದರ ಕೆಳಗೆ ಸೇರಿಸುತ್ತಾರೆ ಎನ್ನುವುದು ಮೇಲಿನವರ ಕೆಲಸ, ಆದರೆ ನೀವು ಬರೆಸದಿದ್ದರೆ ಅವರ ಮುಂದೆ ಅಂಕಿಯೇ ಇರುವುದಿಲ್ಲ. 2027ರ ಗಣತಿ ಬರುತ್ತಿದೆ, ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ.

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಮೇಷ್ಟ್ರೇ, ನಮ್ಮಮ್ಮ ತೆಲುಗು, ಅಪ್ಪ ತಮಿಳು. ನಾನು ಹುಟ್ಟಿದ್ದು ಶ್ರೀರಾಂಪುರ, ಕನಸು ಬೀಳುವುದು ಕನ್ನಡದಲ್ಲಿ. ನಾನೇನು ಬರೆಸಲಿ?

ಗಣತಿ ಮೇಷ್ಟ್ರು

ಚಿಕ್ಕವರಿದ್ದಾಗ ಅಮ್ಮ ನಿಮ್ಮ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರೋ ಅದು ಮಾತೃಭಾಷೆ. ಗೊತ್ತಿರುವ ಬೇರೆ ಭಾಷೆಗಳಿಗೆ ಎಂದು ಕಳೆದ ಸಲ ಇನ್ನೆರಡು ಜಾಗ ಇತ್ತು. ಈ ಸಲವೂ ಇದ್ದರೆ ನಿಮಗೆ ಅಲ್ಲಿಗೆ ಭರ್ತಿ ಆಯಿತು.

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಇಂಗ್ಲಿಷಿಗೆ ಜಾಗ ಉಳಿಯಲಿಲ್ಲವಲ್ಲ ಸಾರ್!